ಹಗೇವಿನ ತಿಪ್ಪಣ್ಣನ ಗೈರುಹಾಜರಿ

ಬಹಳ ಹಿಂದೆ ಪ್ರಕಟಣಾಪುರವೆಂಬ ರಾಜ್ಯವಿತ್ತು. ಒಂದು ಸೋಮವಾರ ಮಧ್ಯಾಹ್ನ ಅಲ್ಲಿನ ಮಹಾರಾಜ ಘೋಷವರ್ಮರಿಗೆ ಬಿಸಿ ರೊಟ್ಟಿ ಬರುವುದು ತಡವಾಯಿತು. ಹಾಗಾಗಿ ಅರಮನೆಗೆ ಒಂದು ಸಾವಿನ ಸುದ್ದಿ ತಿಳಿಯಿತು.

"ರೊಟ್ಟಿ ಎಲ್ಲಿ?" ಎಂದರು ಪ್ರಭುಗಳು.

"ಜೋಳ ತೆಗೆಯಲು ಹೋದಲ್ಲಿ ಹಗೇವಿನೊಳಗೆ ಒಬ್ಬ ಸತ್ತಿದ್ದಾನೆ, ಪ್ರಭು," ಎಂದ ಅಡುಗೆಯವನು.

"ಯಾರವನು?"

ಹಾಜರಿ ಖಾತೆಯ ಮಂತ್ರಿ ನಯನಸಾರ ಪಟ್ಟಿ ನೋಡಿ, ತಲೆಬಾಗಿ ಬಿನ್ನವಿಸಿದ: "ಪ್ರಭುಗಳು ಚಿಂತಿಸಬಾರದು. ಸತ್ತವನು ಇಂದು ಗೈರುಹಾಜರಾಗಿದ್ದಾನೆ."

ಸತ್ತವನ ಹೆಸರು ತಿಪ್ಪಣ್ಣ. ಗಡಿಯ ಕಾಳಗದಲ್ಲಿ ಮದ್ದಿನ ಮನೆ ಸಿಡಿದಾಗ ಎರಡೂ ಕಣ್ಣು ಕಳೆದುಕೊಂಡ ಸೈನಿಕ. ಮಹಾರಾಜರ ಅಜ್ಜನ ಕಾಲದ್ದೊಂದು ಶಾಸನವಿತ್ತು. ಯುದ್ಧದಲ್ಲಿ ಅಂಗ ಕಳೆದುಕೊಂಡವನಿಗೆ ರಾಜ್ಯವು ಕೆಲಸ ಕೊಡತಕ್ಕದ್ದು, ಕೊಟ್ಟ ಕೆಲಸದಿಂದ ತೆಗೆಯಕೂಡದು, ಅವನಿಗೆ ತಕ್ಕ ಅನುಕೂಲ ಮಾಡಿಕೊಡತಕ್ಕದ್ದು ಎಂದು ಕಲ್ಲಿನಲ್ಲಿ ಕೊರೆಸಿದ್ದರು. ಅದರಂತೆ ತಿಪ್ಪಣ್ಣ ಹದಿನೆಂಟು ವರ್ಷ ರಾಜ್ಯದ ಹಗೇವುಗಳನ್ನು ಕಾಯ್ದ.

ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತುತ್ತಾರೆ. ಒಳಗೆ ವಿಷಗಾಳಿ ಕೂಡಿಕೊಳ್ಳುತ್ತದೆ. ಕಲ್ಲು ಸರಿಸಿದ ಕೂಡಲೇ ಇಳಿದವನು ತಾನಾಗಿ ಮೇಲೆ ಬರುವುದಿಲ್ಲ. ತಿಪ್ಪಣ್ಣ ಅಂಚಿನಲ್ಲಿ ಕುಳಿತು, ಕೆಳಗಿನಿಂದ ಏಳುವ ಕಾವಿಗೆ ಮುಖವೊಡ್ಡಿ, "ಇನ್ನಾ ಉಸುರು ಬಿಟ್ಟಿಲ್ಲ, ತಡೀರೋ ತಮ್ಮಾ" ಎನ್ನುತ್ತಿದ್ದ. ಅವನು ಹೂಂ ಎಂದ ಮೇಲೆಯೇ ಆಳುಗಳು ಇಳಿಯುತ್ತಿದ್ದರು. ಹದಿನೆಂಟು ವರ್ಷದಲ್ಲಿ ಒಂದು ಹೆಣವೂ ಬಿದ್ದಿರಲಿಲ್ಲ. ಹೀಗೆ ಏನೂ ಆಗದಿದ್ದುದರಿಂದ ಅವನು ಏನು ಕೆಲಸ ಮಾಡುತ್ತಾನೆಂಬುದು ಯಾರ ಗಮನಕ್ಕೂ ಬಂದಿರಲಿಲ್ಲ.

ಅಷ್ಟರಲ್ಲಿ ಸುಧಾರಣೆ ಬಂತು. ನಯನಸಾರನು ದೂರದೇಶದಿಂದ ನೇತ್ರದರ್ಪಣವೆಂಬ ಯಂತ್ರವನ್ನು ತರಿಸಿ ಹಗೇವುಗಳಿರುವ ಆವರಣದ ಬಾಗಿಲಲ್ಲಿ ನಿಲ್ಲಿಸಿದ. ಅದರೆದುರು ಕಣ್ಣು ತೆರೆದು ನಿಂತರೆ ಗಂಟೆ ಬಾರಿಸಿ ಹಾಜರಿ ಬೀಳುತ್ತದೆ. ಗಂಟೆ ಬಾರಿಸದವನು ಬಂದಿಲ್ಲವೆಂದೇ ಅರ್ಥ.

"ಕಣ್ಣು ತೆರೆ," ಎಂದ ಬಾಗಿಲಿನ ಗುಮಾಸ್ತ.

"ಎಲ್ಲಿಂದ ತೆರೀಲಿ ಸಾಹೇಬ್ರ? ಗಡ್ಯಾಗ ಬಿಟ್ಟು ಬಂದೀನಿ," ಎಂದ ತಿಪ್ಪಣ್ಣ. "ನಾ ಇಲ್ಲೇ ನಿಂತೀನಲ್ರೀ. ಬೇಕಾದ್ರ ಮುಟ್ಟಿ ನೋಡ್ರಿ."

"ಮುಟ್ಟಿ ನೋಡುವ ಆಯ್ಕೆ ಸಾಫ್ಟ್‌ವೇರ್‌ನಲ್ಲಿ ಇಲ್ಲ."

ಶಾಸನವನ್ನು ಮೀರುವಂತಿಲ್ಲವಲ್ಲ! ತಕ್ಕ ಅನುಕೂಲವೇನೆಂದು ಒಂದು ಸಮಿತಿ ಮೂರು ವಾರ ಚರ್ಚಿಸಿತು. ಕುರುಡನಿಗೆ ಚೆನ್ನಾಗಿ ಕಾಣಲೆಂದು ದರ್ಪಣದ ಎರಡು ಬದಿಗೂ ದೊಡ್ಡ ದೀಪ ಇಡಿಸಿತು. ಆಕ್ಷೇಪವಿದ್ದರೆ ತಿಳಿಸಬೇಕೆಂಬ ಸೂಚನೆಯನ್ನು ಸಣ್ಣ ಅಕ್ಷರದಲ್ಲಿ ಗೋಡೆಗೆ ಅಂಟಿಸಿತು. ತಿಪ್ಪಣ್ಣ ಓದಲಿಲ್ಲ. ಆಕ್ಷೇಪವಿಲ್ಲವೆಂದು ದಾಖಲಾಯಿತು.

ತೊಂಬತ್ತು ದಿನ ಕಳೆದ ಮೇಲೆ ಆದೇಶ ಹೊರಟಿತು. ತಿಪ್ಪಣ್ಣನನ್ನು ಯಾರೂ ಕೆಲಸದಿಂದ ತೆಗೆದಿಲ್ಲ, ಬಾರದೇ ಇದ್ದುದರಿಂದ ಅವನೇ ಬಿಟ್ಟಿದ್ದಾನೆಂದು ಪರಿಗಣಿಸಲಾಗಿದೆ. ಶಾಸನಕ್ಕೆ ಒಂದು ಗೀರೂ ಬೀಳಲಿಲ್ಲ, ಹಾಜರಿ ಪಟ್ಟಿಯಲ್ಲಿ ಅವನ ಹೆಸರೂ ಹಾಗೇ ಉಳಿಯಿತು. ಅವನ ಜಾಗಕ್ಕೆ ಮಂತ್ರಿಯ ಅಕ್ಕನ ಮಗ ಕಮಲಾಕ್ಷ ಬಂದ. ಅವನ ಕಣ್ಣುಗಳು ಎಷ್ಟು ವಿಶಾಲವೆಂದರೆ ದರ್ಪಣ ಎರಡು ಬಾರಿ ಗಂಟೆ ಬಾರಿಸುತ್ತಿತ್ತು.

ತಿಪ್ಪಣ್ಣ ಮಾತ್ರ ದಿನವೂ ಬಂದು ಆವರಣದ ಗೋಡೆಯ ಹೊರಗೆ ಬೇವಿನ ಕೆಳಗೆ ಕೂಡುತ್ತಿದ್ದ. "ಮನ್ಯಾಗರ ಕೂಡಬಾರದ?" ಎಂದು ಹೆಂಡತಿ ನೀಲವ್ವ ಗದರಿದರೆ, "ಹಗೇವು ತೆಗಿಯೂ ದಿನ ಬಂದೈತಿ. ಆ ಹುಡುಗಗ ಗಾಳಿ ತಿಳಿಯೂದಿಲ್ಲ," ಎನ್ನುತ್ತಿದ್ದ.

ಆ ಸೋಮವಾರ ಕಮಲಾಕ್ಷ ಕಲ್ಲು ಸರಿಸಿ, ಜೋಳ ಚೆನ್ನಾಗಿ ಕಾಣುತ್ತಿದೆಯೆಂದು ನೇರವಾಗಿ ಇಳಿದುಬಿಟ್ಟ. ಬಿದ್ದ ಸದ್ದು ಗೋಡೆಯಾಚೆ ಕೇಳಿಸಿತು.

"ಹಗ್ಗ ತರ್ರೋ!" ಎಂದು ಕೂಗುತ್ತ ತಿಪ್ಪಣ್ಣ ಬಾಗಿಲಿಗೆ ಬಂದ.

"ಗಂಟೆ ಬಾರಿಸದವರಿಗೆ ಪ್ರವೇಶವಿಲ್ಲ," ಎಂದ ಕಾವಲುಗಾರ.

ತಿಪ್ಪಣ್ಣ ಅವನನ್ನು ಪಕ್ಕಕ್ಕೆ ನೂಕಿ, ಹದಿನೆಂಟು ವರ್ಷ ನಡೆದ ದಾರಿಯಲ್ಲಿ ಓಡಿ, ಉಸಿರು ಬಿಗಿಹಿಡಿದು ಇಳಿದ. ಕಮಲಾಕ್ಷನ ಕಂಕುಳಿಗೆ ಹಗ್ಗ ಬಿಗಿದು ಎಳೆಯಿರೆಂದು ಜಗ್ಗಿದ. ಆಳುಗಳು ಎಳೆದರು. ಹುಡುಗ ಬದುಕಿದ. ಎರಡನೆಯ ಸಲ ಹಗ್ಗ ಇಳಿಬಿಟ್ಟಾಗ ಅದನ್ನು ಹಿಡಿಯುವ ಕೈ ಇರಲಿಲ್ಲ.

ಮರುದಿನ ನೀಲವ್ವ ಸಭೆಗೆ ಬಂದಳು.

"ನನಗೇನೂ ಬ್ಯಾಡ್ರಿ ಯಪ್ಪಾ. ನಿನ್ನೆ ಅವರು ಕೆಲಸಕ್ಕ ಬಂದಿದ್ರು ಅಂತ ನಿಮ್ಮ ಪಟ್ಟ್ಯಾಗ ಒಂದ ಮಾತು ಬರೀರಿ. ತಿರುಗಾಡಾಂವ ಕುಣ್ಯಾಗ ಬಿದ್ದು ಸತ್ತ ಅಂತ ಮಂದಿ ಆಡಿಕೊಳ್ಳಾಕತ್ತಾರ."

"ತಾಯಿ, ಪಟ್ಟಿ ಬರೆಯುವುದು ನಾವಲ್ಲ, ದರ್ಪಣ," ಎಂದ ನಯನಸಾರ. "ನೋಡಿದರೆ ನಿಮ್ಮ ಯಜಮಾನರ ಮೇಲೆ ಅಕ್ರಮ ಪ್ರವೇಶದ ಪ್ರಕರಣವಿದೆ. ಸತ್ತಿರುವುದರಿಂದ ದಯೆಯಿಟ್ಟು ಬಿಟ್ಟಿದ್ದೇವೆ."

"ಹಂಗಾರ ರಾಜ್ಯ ಆಳೋರು ಯಾರ್ರಿ? ನೀವೋ, ಆ ಕನ್ನಡಿಯೋ?"

ಮಹಾರಾಜರ ಕಣ್ಣಲ್ಲಿ ನೀರು ಬಂತು. ಚಿತ್ರಕಾರ ಬರೆದು ಮುಗಿಸುವವರೆಗೆ ಅದನ್ನು ಅವರು ಒರೆಸಿಕೊಳ್ಳಲಿಲ್ಲ. ಆಮೇಲೆ ಘೋಷಿಸಿದರು: "ಈ ವೀರನಿಗೆ ಶಿಲಾಪ್ರತಿಮೆಯಾಗಲಿ! ಅವನಿಗೆ ನಾವು ಕಣ್ಣು ಕೊಡುತ್ತೇವೆ!"

"ಆಹಾ! ದೇವರಿಗೂ ತೋಚದ ಅನುಕೂಲ!" ಎಂದು ಆಸ್ಥಾನ ಉದ್ಗರಿಸಿತು.

ಸ್ಫಟಿಕದ ಕಣ್ಣಿಟ್ಟ ಪ್ರತಿಮೆಯನ್ನು ದರ್ಪಣದ ಎದುರಿಗೇ ನಿಲ್ಲಿಸಿದರು. ಪರದೆ ಸರಿಸಿದ ಕ್ಷಣ ದರ್ಪಣ ಗಂಟೆ ಬಾರಿಸಿತು. ಅಂದಿನಿಂದ ಕಲ್ಲಿನ ತಿಪ್ಪಣ್ಣ ರಜೆಯಿಲ್ಲದೆ ಹಾಜರು. ಅಂಗವಿಕಲ ಸೈನಿಕರ ಹಾಜರಿ ನೂರಕ್ಕೆ ನೂರಾಯಿತೆಂದು ನಯನಸಾರನಿಗೆ ರತ್ನಕಿರೀಟ ತೊಡಿಸಿದರು. ಉಳಿದ ಮೀಸಲು ಹುದ್ದೆಗಳಿಗೂ ಪ್ರತಿಮೆಗಳನ್ನೇ ನೇಮಿಸಬೇಕೆಂದು ಆಜ್ಞೆಯಾಯಿತು. ಕೈ ಕಳೆದುಕೊಂಡ, ಕಾಲು ಕಳೆದುಕೊಂಡ ಸೈನಿಕರು ತಮ್ಮ ತಮ್ಮ ಕಲ್ಲುಗಳಿಗೆ ಜಾಗ ಬಿಟ್ಟು ಮನೆಗೆ ನಡೆದರು.

ಸ್ಫಟಿಕಕ್ಕಾಗಿ ಮನೆಮನೆಯಿಂದ ಜೋಳ ವಸೂಲಿ ಮಾಡಿದರು. ಹಗೇವಿಗೆ ನೀರು ಇಳಿದದ್ದು ಪ್ರತಿಮೆಗೆ ತಿಳಿಯಲಿಲ್ಲ. ಪ್ರಜೆಗಳು ಆ ವರ್ಷ ಕಪ್ಪುಗಟ್ಟಿದ ಜೋಳ ಉಂಡರು, ಕೂಸುಗಳು ವಾಂತಿ ಮಾಡಿಕೊಂಡವು. ಮತ್ತೆ ಇಬ್ಬರು ಆಳುಗಳು ಇಳಿದವರು ಮೇಲೆ ಬರಲಿಲ್ಲ. ಇಬ್ಬರೂ ಆ ದಿನ ಹಾಜರಿದ್ದರೆಂದು ಪಟ್ಟಿಯಲ್ಲಿದೆ. ತಿಪ್ಪಣ್ಣನ ಆ ಸೋಮವಾರ ಮಾತ್ರ ಇಂದಿಗೂ ಗೈರು.

ಓದುಗರು ಕ್ಷಮಿಸಬೇಕು, ಇಲ್ಲಿಂದ ಮುಂದೆ ನಗಿಸುವುದು ನನ್ನಿಂದ ಆಗದು. ಪರಮೇಶ್ವರಾ, ತಿಪ್ಪಣ್ಣ ಬಂದಿದ್ದಾನೆ. ಒಳಗೆ ಕರೆದುಕೋ. ಅವನ ಹಿಂದೆಯೇ ಬಂದ ಆ ಇಬ್ಬರನ್ನೂ ಕರೆದುಕೋ. ಅವರ ಆತ್ಮಗಳಿಗೆ ಶಾಂತಿಯನ್ನು ಕೊಡು.