ಮಗುವಿನ ಚೀಲವೂ ಮೂರು ದಿನದ ಬಾಡಿಗೆ ಮನೆಯೂ

ನನಗೊಂದು ಕಾಯಿಲೆಯಿದೆ. ಇದುವರೆಗೆ ಯಾವ ವೈದ್ಯರೂ ಅದಕ್ಕೆ ಹೆಸರಿಟ್ಟಿಲ್ಲ. ಎರಡು ವಸ್ತುಗಳನ್ನು ಎದುರಿಗಿಟ್ಟು ಒಂದನ್ನು ತೆಗೆದುಕೋ ಎಂದರೆ ನನಗೆ ಮೂರನೆಯದನ್ನು ನೋಡಬೇಕೆನಿಸುತ್ತದೆ. ಮೂರನೆಯದನ್ನು ತೋರಿಸಿದರೆ ಮೊದಲನೆಯದೇ ವಾಸಿಯಿತ್ತೇನೋ ಎನಿಸುತ್ತದೆ. ಅಷ್ಟರಲ್ಲಿ ಮೊದಲನೆಯದನ್ನು ಬೇರೆ ಯಾರೋ ಕೊಂಡುಹೋಗಿರುತ್ತಾರೆ. ಇಂಥವನನ್ನು ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯವರು ಕರೆದು ಖರೀದಿ ವಿಭಾಗದಲ್ಲಿ ಕೂರಿಸಿದರು. ಅಲ್ಲಿ ಒಂದು ಪೊರಕೆ ಕೊಳ್ಳಬೇಕಾದರೂ ಮೂರು ಕಡೆಯಿಂದ ಕೊಟೇಶನ್ ತರಿಸಿ, ಪಕ್ಕಪಕ್ಕದಲ್ಲಿಟ್ಟು ಹೋಲಿಸಿ, ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಬೇಕು. ಯಾವ ಪೊರಕೆ ಎಂದು ತೀರ್ಮಾನಿಸುವವರು ಮೇಲಿನವರು. ಹಾಗಾಗಿ ನನ್ನ ಕಾಯಿಲೆ ಅಲ್ಲಿ ಹನ್ನೊಂದು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಜಾಗರೂಕ ಮನುಷ್ಯ ಎಂಬ ಹೆಸರೂ ಬಂತು. ಅದು ಬಯಲಾದದ್ದು ಮಗಳು ಹುಟ್ಟಿದ ಮೇಲೆ, ನನ್ನ ಹೆಂಡತಿ ಶೈಲಜಾ ಒಂದು ಚೀಲ ತಂದುಕೊಡಿ ಎಂದು ಕೇಳಿದಾಗ.

ಶೈಲಜಾ ಹುಲ್ಲಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಡಂ. ಹೆರಿಗೆ ರಜೆ ಮುಗಿದು ಕೆಲಸಕ್ಕೆ ಹೋಗತೊಡಗಿದ ಮೇಲೆ ಬೆಳಿಗ್ಗೆ ಮಗುವನ್ನು ನಾಲ್ಕು ಬೀದಿ ಆಚೆಯಿದ್ದ ತನ್ನ ಚಿಕ್ಕಮ್ಮನ ಮನೆಗೆ ಬಿಟ್ಟು, ಎಂಟೂಕಾಲರ ಬಸ್ಸು ಹಿಡಿಯಬೇಕಿತ್ತು. ಮಗುವಿನ ಜೊತೆ ಅದರ ಸಂಸಾರವೂ ದಿನಾ ಹೋಗಿಬರಬೇಕು: ಒಣ ಬಟ್ಟೆ, ಒದ್ದೆ ಬಟ್ಟೆ, ಹಾಲಿನ ಬಾಟಲಿ, ಬಿಸಿನೀರಿನ ಫ್ಲಾಸ್ಕು, ರಾಗಿ ಸರಿಯ ಡಬ್ಬಿ, ರಬ್ಬರ್ ಶೀಟು, ಜೋಲಿ ಕಟ್ಟುವ ಹಳೆಯ ಸೀರೆ. ಇವೆಲ್ಲ ಆಗ ಮೂರು ವೈರು ಬುಟ್ಟಿಗಳಲ್ಲಿ ಹೋಗುತ್ತಿದ್ದವು. ಒಂದು ದಿನ ಅವಸರದಲ್ಲಿ ಶೈಲಜಾ ಒದ್ದೆ ಬಟ್ಟೆಯ ಬುಟ್ಟಿಯನ್ನು ಶಾಲೆಗೂ ಪರೀಕ್ಷೆಯ ಉತ್ತರಪತ್ರಿಕೆಗಳ ಬುಟ್ಟಿಯನ್ನು ಚಿಕ್ಕಮ್ಮನ ಮನೆಗೂ ತಲುಪಿಸಿಬಿಟ್ಟಳು. ಉತ್ತರಪತ್ರಿಕೆಗಳ ಮೇಲೆ ನನ್ನ ಮಗಳು ತನ್ನ ಮೌಲ್ಯಮಾಪನ ಮುಗಿಸಿದ್ದಳು. ಎಲ್ಲವನ್ನೂ ಹಿಡಿಸುವ ಒಂದೇ ಒಂದು ಚೀಲ, ಬರುವ ಗುರುವಾರದೊಳಗೆ, ಎಂದು ಶೈಲಜಾ ಅಂದು ಸಂಜೆ ಹೇಳಿದಳು.

ಮಗುವಿನ ಸಾಮಾನಿಗೆಂದೇ ಚೀಲ ಮಾಡುತ್ತಾರೆಂಬುದು ಆಗ ನಮ್ಮೂರಿನ ಪೇಟೆಗೆ ಗೊತ್ತಿರಲಿಲ್ಲ. ನಾನು ಅಂಗಡಿಗೆ ಹೋಗಿ, ಮಗುವಿಗೆ ಚೀಲ ಬೇಕು ಎಂದೆ. ಅಂಗಡಿಯವನು ಶಾಲೆಯ ಚೀಲಗಳನ್ನು ಇಳಿಸಿ, ಎಷ್ಟನೇ ಕ್ಲಾಸು ಎಂದು ಕೇಳಿದ. ಇನ್ನೂ ಏಳು ತಿಂಗಳು ಎಂದೆ. ಅವನು ಚೀಲಗಳನ್ನೆಲ್ಲ ಒಂದೊಂದಾಗಿ ಮೇಲಿಟ್ಟು, "ಅಂಗಾದ್ರೆ ಇನ್ನೂ ಟೈಮ್ ಅದೆ ಬುಡಿ ಸಾ" ಎಂದ. ಅಲ್ಲಿಂದ ನನ್ನ ಹೋಲಿಕೆ ಶುರುವಾಯಿತು. ಒಂದು ಚೀಲಕ್ಕೆ ಜಿಪ್ಪು ಚೆನ್ನಾಗಿತ್ತು, ಆದರೆ ಫ್ಲಾಸ್ಕು ನಿಲ್ಲುತ್ತಿರಲಿಲ್ಲ. ಇನ್ನೊಂದರಲ್ಲಿ ಫ್ಲಾಸ್ಕು ನಿಲ್ಲುತ್ತಿತ್ತು, ಆದರೆ ಒದ್ದೆ ಬಟ್ಟೆಗೆ ಬೇರೆ ಜಾಗವಿರಲಿಲ್ಲ. ಭಾನುವಾರಗಳಂದು ಮೈಸೂರಿಗೂ ಹೋದೆ. ಅಂಗಡಿಯವರ ಎದುರಿಗೆ ನಮ್ಮ ಮನೆಯ ಫ್ಲಾಸ್ಕನ್ನು ಕಂಕುಳಿನಿಂದ ತೆಗೆದು ಚೀಲಕ್ಕೆ ಇಳಿಬಿಟ್ಟು ಅಳತೆ ನೋಡುತ್ತಿದ್ದೆ. ಆ ಗುರುವಾರ ಕಳೆಯಿತು, ಅದಾದ ಮೇಲೆ ಹನ್ನೊಂದು ಗುರುವಾರಗಳು ಕಳೆದವು. ಶೈಲಜಾ ಕೇಳುವುದನ್ನೇ ಬಿಟ್ಟಳು. ಕೇಳುತ್ತಿದ್ದುದಕ್ಕಿಂತ ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಕೊನೆಗೆ ಒಂದು ಚೀಲವನ್ನು ನಾನೇ ಹೊಲಿಸಿದೆ. ಬಸ್ ನಿಲ್ದಾಣದ ಹತ್ತಿರ ಆಟೋಗಳಿಗೆ ಸೀಟು ಹೊಲಿಯುವ ಬಾಬು ಎಂಬವನಿದ್ದ. ಅವನಿಗೆ ಕಾಗದದ ಮೇಲೆ ನಕ್ಷೆ ಬರೆದುಕೊಟ್ಟೆ. ಹನ್ನೊಂದು ಖಾನೆ, ಒಳಗೆ ಪ್ಲಾಸ್ಟಿಕ್ಕಿನ ಅಸ್ತರಿ, ಕೊಳೆ ಕಾಣದಿರಲೆಂದು ಕಪ್ಪು ರೆಕ್ಸಿನ್ನು. ಬಾಬು ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದರ ಮೇಲೆ ಎಷ್ಟು ಜನ ಕೂರಬೇಕು ಎಂದು ಕೇಳಿದ. ಚೀಲ ಬಂತು. ಹೊಸ ಆಟೋದ ವಾಸನೆ ಹೊಡೆಯುತ್ತಿತ್ತು. ಹೆಗಲಿಗೆ ಹಾಕಿದರೆ ಪಟ್ಟಿ ಕಚ್ಚುತ್ತಿದ್ದುದರಿಂದ ಎರಡೂ ಕೈಯಲ್ಲಿ ಎದೆಗವಚಿಕೊಂಡೇ ಒಯ್ಯಬೇಕು. ಹನ್ನೊಂದು ಖಾನೆಗಳಲ್ಲಿ ಬೇಕಾದ ವಸ್ತು ಯಾವಾಗಲೂ ಹನ್ನೊಂದನೆಯದರಲ್ಲೇ ಇರುತ್ತಿತ್ತು. ಶೈಲಜಾ ಅದನ್ನು ನೋಡಿ ಗೋಡೆಗೆ ಒರಗಿ ಕೂತಳು. ಹತ್ತು ತಿಂಗಳಿಂದ ಒಟ್ಟಿಗೆ ಮೂರು ಗಂಟೆ ನಿದ್ದೆ ಕಂಡಿರದ ಮುಖ ಅದು. "ದಸರಾ ರಜೆಯಲ್ಲಿ ಮೂರು ದಿನ ಎಲ್ಲಾದರೂ ಕರಕೊಂಡು ಹೋಗಿ. ಯಾರೂ ಬರಬಾರದು, ನಾವು ಮೂರೇ ಜನ. ನನಗೆ ನಿದ್ದೆ ಬೇಕು, ಅಷ್ಟೇ" ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ಊಟಿಯಲ್ಲಿ ಒಂದು ಸಣ್ಣ ಮನೆ ಹಿಡಿಯೋಣವೆಂದುಕೊಂಡೆ. ಆಗ ನಮ್ಮಂಥವರ ಕೈಗೆ ಮೊಬೈಲು ಬಂದಿರಲಿಲ್ಲ. ಎಸ್‌ಟಿಡಿ ಬೂತಿನಲ್ಲಿ ನಿಂತು, ಸಹೋದ್ಯೋಗಿಗಳು ಕೊಟ್ಟ ನಂಬರುಗಳಿಗೆ ಒಂದೊಂದಾಗಿ ಫೋನು ಮಾಡಿದೆ. ನನ್ನ ಪ್ರಶ್ನೆಗಳ ಪಟ್ಟಿ ಸಿದ್ಧವಿತ್ತು. ಬಿಸಿನೀರು, ಹಾಲು, ಗಾಳಿ, ಮೆಟ್ಟಿಲು. ಎಲ್ಲಕ್ಕಿಂತ ಮುಖ್ಯವಾದದ್ದು ಜೋಲಿ. ನಮ್ಮ ಮಗಳು ಜೋಲಿಯಲ್ಲಲ್ಲದೆ ಮಲಗುವವಳಲ್ಲ. ಜೋಲಿಗೆ ಸೂರಿನಲ್ಲಿ ಕೊಂಡಿಯಿರಬೇಕು. ಒಂದು ಮನೆ ಎಲ್ಲದರಲ್ಲೂ ಪಾಸಾಯಿತು. ಮನೆಯ ಯಜಮಾನರು ಒಳ್ಳೆಯ ಕನ್ನಡದಲ್ಲೇ ಮಾತಾಡುತ್ತಿದ್ದರು. ಕೊನೆಗೆ ನಾನು, ಸೂರಿನಲ್ಲಿ ಗಟ್ಟಿಯಾದ ಕೊಂಡಿ ಇದೆಯೇ, ಸೀರೆ ಬಿಗಿದರೆ ಎಷ್ಟು ಭಾರ ತಡೆಯುತ್ತದೆ ಎಂದು ಕೇಳಿದೆ. ಯಜಮಾನರು ಬಹಳ ಮೃದುವಾಗಿ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆಯೇ, ಕೆಲಸದಲ್ಲಿ ಏನಾದರೂ ತೊಂದರೆಯೇ ಎಂದು ವಿಚಾರಿಸಿದರು. ಏನೇ ಇದ್ದರೂ ದೇವರ ಮೇಲೆ ಭಾರ ಹಾಕಿ ಎಂದು ಹೇಳಿ, ಮನೆ ಖಾಲಿಯಿಲ್ಲವೆಂದು ಫೋನಿಟ್ಟರು. ನನಗೆ ವಿಷಯ ಹೊಳೆಯುವಷ್ಟರಲ್ಲಿ ಬೂತಿನವನೂ ನನ್ನನ್ನು ಕನಿಕರದಿಂದ ನೋಡತೊಡಗಿದ್ದ. ಉಳಿದ ಮನೆಗಳನ್ನು ನಾನು ಹೋಲಿಸಿ ಮುಗಿಸುವಷ್ಟರಲ್ಲಿ ದಸರಾ ಬಂದು ಊಟಿಯಲ್ಲಿ ಒಂದು ಕೋಣೆಯೂ ಉಳಿಯಲಿಲ್ಲ.

ಆಗ ಕೈಹಿಡಿದವನು ನಮ್ಮ ಡಿಸ್‌ಪ್ಯಾಚ್ ವಿಭಾಗದ ಬಸವರಾಜು. ಅವನ ಊರು ತಿರುಮಕೂಡಲು ನರಸೀಪುರ. ಅಲ್ಲಿ ಅವನಿಗೆ ಗೊತ್ತಿರುವ ಪುಟ್ಟತಾಯಮ್ಮ ಎಂಬವರ ಮನೆಯಿದೆ, ಹೊಳೆಗೆ ಹತ್ತಿರ, ಎರಡು ಕೋಣೆಗಳನ್ನು ಬಂದವರಿಗೆ ಬಾಡಿಗೆಗೆ ಕೊಡುತ್ತಾರೆ, ಜನ ಎಲ್ಲೆಲ್ಲಿಂದಲೋ ಬರುತ್ತಾರೆ ಎಂದ. ನಾನು ಪಟ್ಟಿಯಲ್ಲಿದ್ದ ಹದಿನಾಲ್ಕು ಪ್ರಶ್ನೆಗಳನ್ನೂ ಕೇಳಿದೆ. ಜೋಲಿಗೆ ಸೂರಿನಲ್ಲಿ ಸಾಗುವಾನಿ ತೊಲೆಯೇ ಇದೆ ಎಂದ. ಜನ ಅಲ್ಲಿಗೆ ಏತಕ್ಕೆ ಬರುತ್ತಾರೆ ಎಂಬ ಹದಿನೈದನೆಯ ಪ್ರಶ್ನೆ ಮಾತ್ರ ನನಗೆ ಹೊಳೆಯಲಿಲ್ಲ. ಸಂಗಮದಲ್ಲಿ ಅಸ್ಥಿ ಬಿಡುವುದು ನನಗೆ ಗೊತ್ತಿರಲಿಲ್ಲವೆಂದಲ್ಲ. ನನ್ನ ತಂದೆಯದನ್ನೂ ಅಲ್ಲೇ ಬಿಟ್ಟಿದ್ದೆವು. ಆದರೆ ಬಾಡಿಗೆ ಮನೆ ಹುಡುಕುವ ಮನಸ್ಸಿಗೂ ಆ ನೆನಪಿಗೂ ನಡುವೆ ಬಾಗಿಲೇ ಇರಲಿಲ್ಲ. ನಂಜನಗೂಡಿನಿಂದ ಬಸ್ಸಿನಲ್ಲಿ ಒಂದು ಗಂಟೆಯ ಊರಿಗೆ ರಜೆ ಕಳೆಯಲು ಹೋಗುವುದೇ ಎಂದು ಶೈಲಜಾ ಕೇಳಲಿಲ್ಲ. ಬಟ್ಟೆ ಮಡಿಸಿದಳು.

ನರಸೀಪುರದ ಬಸ್ ನಿಲ್ದಾಣದಿಂದ ಆಟೋದಲ್ಲಿ ಆ ಮನೆಯ ಮುಂದೆ ಇಳಿದೆವು. ಅಳುತ್ತಿದ್ದ ಮಗುವನ್ನು ಸಮಾಧಾನ ಮಾಡುತ್ತ ಶೈಲಜಾ ಬೀದಿಯಲ್ಲೇ ನಿಂತಳು. ನಾನು ಕಪ್ಪು ಚೀಲವನ್ನು ಎದೆಗವಚಿಕೊಂಡು, ಒಳಗೆ ಫ್ಲಾಸ್ಕು ಉರುಳಬಾರದೆಂದು ಒಂದೊಂದೇ ಹೆಜ್ಜೆಯಿಡುತ್ತ ಗೇಟು ದಾಟಿದೆ. ಪುಟ್ಟತಾಯಮ್ಮ ಜಗುಲಿಯಲ್ಲಿದ್ದರು. ಅರವತ್ತು ದಾಟಿದ ಹೆಂಗಸು. ಚೀಲವನ್ನು ನೋಡಿದವರೇ ಎದ್ದು ನಿಂತು, "ಅದ್ನ ಒಳೀಕ್ ತರಬ್ಯಾಡ ಕಣಪ್ಪಾ. ಆ ಒಂಗೆ ಮರಕ್ಕೆ ನೇತಾಕು" ಎಂದರು. ಚರ್ಮದ್ದೆಂದು ತಿಳಿದು ಮಡಿ ನೋಡುತ್ತಿರಬಹುದು ಎಂದುಕೊಂಡು ನಾನು ಹೊಂಗೆ ಮರದ ಕೊಂಬೆಗೆ ಚೀಲವನ್ನು ತೂಗುಹಾಕಿದೆ. ಅಲ್ಲಿ ಆಗಲೇ ಬಿಳಿ ಬಟ್ಟೆ ಕಟ್ಟಿದ ಒಂದು ಸಣ್ಣ ಮಡಕೆ ತೂಗುತ್ತಿತ್ತು. ಆಗಲೂ ನನಗೆ ಹೊಳೆಯಲಿಲ್ಲ.

"ಯಾರ್ಗಪ್ಪಾ?" ಎಂದು ಅವರು ಕೇಳಿದರು.

ವಿಶ್ರಾಂತಿ ಯಾರಿಗೆ ಎಂದು ಕೇಳುತ್ತಿದ್ದಾರೆಂದುಕೊಂಡು, ನನ್ನ ಹೆಂಡತಿಗೆ ಎಂದೆ.

"ಏನಾಗಿತ್ತು?"

ಹೆರಿಗೆಯಾದ ಮೇಲೆ ತುಂಬ ಸೊರಗಿದಳು, ನಾನೇ ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದೆ. ಅದು ನಿಜವೂ ಆಗಿತ್ತು. ಅಷ್ಟು ದಿನ ಯಾರೊಡನೆಯೂ ಹೇಳಿಕೊಂಡಿರದ ಮಾತು ಅಪರಿಚಿತರ ಮುಂದೆ ಹಾಗೆ ಹೊರಬಂದದ್ದಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಪುಟ್ಟತಾಯಮ್ಮ ನನ್ನ ಕೈ ಹಿಡಿದು ಕೂರಿಸಿದರು. ಸೆರಗಿನಿಂದ ತಮ್ಮ ಕಣ್ಣನ್ನೂ ಒರೆಸಿಕೊಂಡರು. ಗಂಡಸಾದವನು ಎದೆ ಗಟ್ಟಿ ಮಾಡಿಕೊಳ್ಳಬೇಕು, ಕೂಸಿಗಾಗಿ ಬದುಕಬೇಕು ಎಂದು ಹೇಳುತ್ತಿರುವಾಗ ಶೈಲಜಾ ಮಗುವನ್ನೆತ್ತಿಕೊಂಡು ಒಳಗೆ ಬಂದಳು.

"ಇವ್ರು ಅಕ್ಕನೋ ತಂಗೀನೋ?"

"ನನ್ನ ಹೆಂಡತಿ" ಎಂದೆ.

ಪುಟ್ಟತಾಯಮ್ಮ ನನ್ನ ಕೈ ಬಿಟ್ಟರು. ಮರದ ಮೇಲಿನ ಚೀಲವನ್ನು ನೋಡಿದರು, ಶೈಲಜಾಳನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಆ ನೋಟವನ್ನು ನಾನು ಈಗಲೂ ಮರೆತಿಲ್ಲ. ಬೂದಿ ಇನ್ನೂ ಹೊಳೆ ಸೇರಿಲ್ಲ, ಆಗಲೇ ಇನ್ನೊಬ್ಬಳನ್ನು ಕಟ್ಟಿಕೊಂಡು ಬಂದಿದ್ದಾನೆ ಎಂದು ಆ ಕಣ್ಣು ಹೇಳುತ್ತಿತ್ತು. ಮಡಕೆಯ ಪಕ್ಕ ತೂಗುತ್ತಿದ್ದ ಚೀಲವನ್ನು ನೋಡಿ ಮೊದಲು ಅರ್ಥವಾದದ್ದು ಶೈಲಜಾಳಿಗೆ. ಅವಳು ನೆಟ್ಟಗೆ ಮರದ ಬಳಿ ಹೋಗಿ, ಹನ್ನೊಂದು ಖಾನೆಗಳಲ್ಲಿ ಕೈಯಾಡಿಸಿ, ಹಾಲಿನ ಬಾಟಲಿಯನ್ನು ಎತ್ತಿ ತೋರಿಸಿದಳು. ಪುಟ್ಟತಾಯಮ್ಮ ಬಹಳ ಹೊತ್ತು ಅದನ್ನೇ ನೋಡಿ, ರಜಾ ಕಳೆಯಲು ನರಸೀಪುರಕ್ಕೇ ಎಂದು ಎರಡು ಸಲ ಕೇಳಿದರು. ನಾನು ಚೀಲವನ್ನು ಮರದಿಂದ ಇಳಿಸಿದೆ. ಅಸ್ಥಿ ಬಿಡಲು ಬಂದವರು ಇಳಿದುಕೊಳ್ಳುವ ಮನೆಯನ್ನು ಗಂಡ ರಜೆಗೆ ಹಿಡಿದಿದ್ದಾನೆಂದು ತಿಳಿದ ಶೈಲಜಾ ಕೋಣೆಗೆ ಹೋಗಿ ಚಾಪೆಯ ಮೇಲೆ ಕೂತು ಅತ್ತಳು. ನಗುತ್ತಿದ್ದಾಳೇನೋ ಎಂದು ನಾನು ಕ್ಷಣಕಾಲ ಆಸೆಪಟ್ಟೆ. ನಗುವಾಗಿರಲಿಲ್ಲ.

ಪಕ್ಕದ ಕೋಣೆಯಲ್ಲಿದ್ದವರು ಹೆಡತಲೆ ಎಂಬ ಊರಿನ ಒಂದು ಕುಟುಂಬ. ಮರದ ಮೇಲಿನ ಮಡಕೆ ಅವರದು. ನಿಂಗಯ್ಯ ಎಂಬ ಮುದುಕರ ಹೆಂಡತಿ ತೀರಿಕೊಂಡಿದ್ದರು. ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ, ಸೊಸೆ ಬಂದಿದ್ದರು. ಮರುದಿನ ಬೆಳಿಗ್ಗೆ ಕಾರ್ಯ. ಯಾರೂ ಬರಬಾರದು ಎಂದು ಕೇಳಿಕೊಂಡವಳಿಗೆ ನಾನು ಗೋಡೆಯಾಚೆ ಅಳುವ ಐದು ಜನರನ್ನು ಒದಗಿಸಿದ್ದೆ. ಸಂಜೆ ನಮ್ಮ ಮಗಳು ಎಂದಿನಂತೆ ರಾಗ ತೆಗೆದಾಗ ನಿಂಗಯ್ಯನವರ ದೊಡ್ಡ ಮಗಳು ಬಾಗಿಲಲ್ಲಿ ನಿಂತಳು. ಗಲಾಟೆಯಾಯಿತೆಂದು ಹೇಳಲು ಬಂದಳೆಂದುಕೊಂಡು ನಾನು ಕ್ಷಮೆ ಕೇಳಿದೆ. "ಮೊಗ ಇತ್ತಗ್ ಕೊಡಕ್ಕಾ, ನೀವು ಮನೀಕಳಿ" ಎಂದು ಅವಳು ಶೈಲಜಾಳ ಕೈಯಿಂದ ಮಗುವನ್ನೆತ್ತಿಕೊಂಡು ಹೋದಳು. ಮಗು ಅತ್ತಿತು, ಆಮೇಲೆ ನಿಲ್ಲಿಸಿತು. ಶೈಲಜಾ ಕೂತಲ್ಲೇ ಒರಗಿದವಳು ಮಾರನೆಯ ಬೆಳಿಗ್ಗೆ ಬಿಸಿಲೇರಿದ ಮೇಲೆ ಎದ್ದಳು. ಎದ್ದವಳೇ ಗಾಬರಿಯಾಗಿ ಮಗುವೆಲ್ಲಿ ಎಂದಳು. ಮಗು ಜಗುಲಿಯಲ್ಲಿ ನಾಲ್ಕು ಜನರ ನಡುವೆ ಕೂತು ಕೈ ತಟ್ಟುತ್ತಿತ್ತು.

ಕಾರ್ಯ ಮುಗಿಸಿ ಅವರು ಹೊಳೆಯಿಂದ ಬರುವಾಗ ಮಧ್ಯಾಹ್ನವಾಗಿತ್ತು. ನಿಂಗಯ್ಯ ಕಂಬಕ್ಕೊರಗಿ ಕೂತರು. ಅಪ್ಪ ಒಂಬತ್ತು ದಿನದಿಂದ ಎರಡು ತುತ್ತಿಗಿಂತ ಹೆಚ್ಚು ತಿಂದಿಲ್ಲ, ಕಲಸಿ ಕೊಟ್ಟರೂ ತಟ್ಟೆ ಸರಿಸುತ್ತಾರೆ ಎಂದು ಅವರ ದೊಡ್ಡ ಮಗಳು ಶೈಲಜಾಳಿಗೆ ಹೇಳಿದಳು. ಅವರ ಮುಂದೆ ಅನ್ನದ ತಟ್ಟೆ ಇಟ್ಟಿದ್ದರು. ನಮ್ಮ ಮಗಳು ತೆವಳಿಕೊಂಡು ಹೋಗಿ ಆ ತಟ್ಟೆಗೆ ಕೈಹಾಕಿದಳು. ನಾನು ಓಡಿದೆ. ಮುದುಕರು ಕೈ ಅಡ್ಡ ಮಾಡಿ ನನ್ನನ್ನು ತಡೆದರು. ಅನ್ನವನ್ನು ಬೆರಳಿನಲ್ಲಿ ನುರಿದು ಮಗುವಿನ ಬಾಯಿಗಿಟ್ಟರು. ಮಗು ತಿಂದು, ತನ್ನ ಮುಷ್ಟಿಯಲ್ಲಿದ್ದದ್ದನ್ನು ಅವರ ಬಾಯಿಗೆ ಒತ್ತಿತು. ಅವರು ಬಾಯಿ ತೆರೆದರು. ಆಮೇಲೆ ಮತ್ತೊಂದು ತುತ್ತು ಇವಳಿಗೆ, ಒಂದು ಅವರಿಗೆ. ಅವರ ದೊಡ್ಡ ಮಗಳು ಅಡುಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ನಿಂತಳು. ತಟ್ಟೆ ಖಾಲಿಯಾಯಿತು. "ನಮ್ಮವ್ಳೂ ಇಂಗೇ ಬಲವಂತ ಮಾಡೋಳು ಸಾ" ಎಂದು ನಿಂಗಯ್ಯ ನನ್ನ ಕಡೆ ನೋಡದೆ ಹೇಳಿದರು. ಅವರ ಮಾತು ನಾನು ಕೇಳಿದ್ದು ಅದೊಂದೇ.

ಅಂದು ಸಂಜೆ ಅವರೆಲ್ಲ ಹೊರಟುಹೋದರು. ಮೂರನೆಯ ದಿನ ಬೆಳಿಗ್ಗೆ ಮನೆ ಖಾಲಿ. ಪುಟ್ಟತಾಯಮ್ಮನೂ ಸಂತೆಗೆ ಹೋಗಿದ್ದರು. ಕಿಟಕಿಯಲ್ಲಿ ಹೊಳೆ ಕಾಣುತ್ತಿತ್ತು. ಯಾರೂ ಇಲ್ಲ, ನಾವು ಮೂರೇ ಜನ, ಶೈಲಜಾ ಕೇಳಿದ್ದು ಅಕ್ಷರಶಃ ಸಿಕ್ಕಿತ್ತು. ಮಗಳು ಪಕ್ಕದ ಕೋಣೆಯ ಬಾಗಿಲಿಗೆ ತೆವಳಿಹೋಗಿ ಅಂಗೈಯಿಂದ ತಟ್ಟಿದಳು. ಯಾರೂ ತೆರೆಯಲಿಲ್ಲ. ಆಮೇಲೆ ಅವಳು ಅತ್ತ ಅಳು ನಿಲ್ಲಲಿಲ್ಲ. ಜೋಲಿಯಲ್ಲಿ ಹಾಕಿದೆವು, ಎತ್ತಿಕೊಂಡೆವು, ಹೊಳೆ ತೋರಿಸಿದೆವು. ನಮ್ಮ ಮಗು, ನಮ್ಮ ರಜೆ, ನಮ್ಮ ಏಕಾಂತ. ಹತ್ತೂವರೆಯವರೆಗೆ ತಡೆದುಕೊಂಡೆವು. ಹನ್ನೊಂದರ ಬಸ್ಸು ಹತ್ತಿದೆವು.

ಸೋಮವಾರ ನಮ್ಮ ಮ್ಯಾನೇಜರು ರಜೆಯ ಅರ್ಜಿಗೆ ಸಹಿ ಹಾಕುತ್ತ, ನಾನೂ ಮನೆಯವರನ್ನು ಕರೆದುಕೊಂಡು ಎಲ್ಲಾದರೂ ಹೋಗಬೇಕೆಂದಿದ್ದೇನೆ, ನೀವು ಹೋದ ಜಾಗ ಹೇಗಿತ್ತು, ಎಲ್ಲವನ್ನೂ ಅಳೆದು ತೂಗಿ ನೋಡುವವರಲ್ಲವೇ ಎಂದು ಕೇಳಿದರು. ನನಗೆ ಶೈಲಜಾ ಹದಿನಾಲ್ಕು ಗಂಟೆ ನಿದ್ದೆ ಮಾಡಿದ್ದು ಕಣ್ಣಿಗೆ ಕಟ್ಟಿತು. "ಬಹಳ ಚೆನ್ನಾಗಿತ್ತು ಸಾರ್, ಪಕ್ಕದ ಕೋಣೆಯವರ ಮನೆಯಲ್ಲಿ ಸಾವಾಗಿತ್ತು" ಎಂದೆ. ಅವರು ಪೆನ್ನು ಎತ್ತಿ ನನ್ನನ್ನು ನೋಡಿದರು. ವಿವರಿಸಬೇಕೆಂದುಕೊಂಡೆ. ಎಲ್ಲಿಂದ ಶುರು ಮಾಡಲಿ ಎಂದು ನಾನು ಆರಿಸಿಕೊಳ್ಳುವಷ್ಟರಲ್ಲಿ ಅವರು ಸಹಿ ಹಾಕಿ ಫೈಲು ಮುಚ್ಚಿದ್ದರು.