ಕಳಿಸುವ ಮುನ್ನ ಒಂದೊಂದೇ ಅಕ್ಷರ

ಬರೆದದ್ದನ್ನು ತಿರುಗಿ ಓದದೆ ಕಳಿಸುವವರನ್ನು ಕಂಡರೆ ನನಗಾಗುವುದಿಲ್ಲ. ನಮ್ಮಣ್ಣನ ಮದುವೆ ಕಾಗದದಲ್ಲಿ ತಾರೀಖೇ ಬಿಟ್ಟುಹೋಗಿ, ಅರ್ಧ ನೆಂಟರು ಮಾರನೇ ದಿನ ಬಂದು ಎಂಜಲೆಲೆ ನೋಡಿಕೊಂಡು ಹೋದರು. ಅಂಥ ಮನೆಯವನು ನಾನು. ಆದ್ದರಿಂದಲೇ ತೊಂಬತ್ತರ ದಶಕದಲ್ಲಿ ಅರಸೀಕೆರೆಯ ಕೊಬ್ಬರಿ ಮಂಡಿಯೊಂದಕ್ಕೆ ಹರಾಜಿನ ಚೀಟಿ ಅಚ್ಚು ಹಾಕುವ ಪ್ರೋಗ್ರಾಂ ಬರೆದಾಗ, ಅದರೊಳಗೊಂದು ತಪಾಸಣೆ ಇಟ್ಟೆ. ಮಂಡಿಯ ಲೆಕ್ಕವೆಲ್ಲ ಇರುವ ಡೇಟಾಬೇಸಿಗೆ ಹೇಳಬೇಕಾದ ಮಾತು ತುಂಡುತುಂಡಾಗಿ ಬಂದು ಮೊದಲು ಬಫರ್ ಎಂಬ ಜಾಗದಲ್ಲಿ ಒಂದರ ಹಿಂದೊಂದು ನಿಲ್ಲುತ್ತದೆ. ಆಮೇಲೆ ಒಟ್ಟಿಗೆ ಹೊರಡುತ್ತದೆ. ಹೊರಡುವ ಮುಂಚೆ ಇಷ್ಟನೇ ಅಕ್ಷರ ಯಾವುದು ಎಂದು ಕೇಳಿದರೆ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಂ, ತೋರಿಸುತ್ತದೆ. ನನ್ನ ತಪಾಸಣೆ ಒಂದೊಂದೇ ಅಕ್ಷರ ಕೇಳಿ ನೋಡುತ್ತಿತ್ತು, ಚೀಟಿ ಒಂದು ಗಳಿಗೆ ತಡವಾಗುತ್ತಿತ್ತು.

"ಏನ್ರೀ, ಜಾತಕ ನೋಡ್ತಿದ್ದೀರಾ? ತೆಗೀರಿ ಅದನ್ನ. ಒಂದು ದಿನ ಚೀಟಿ ನಿಂತ್ರೆ ಕಂಪ್ಯೂಟರೂ ಮನೆಗೆ, ನೀವೂ ಮನೆಗೆ," ಎಂದರು ಮಂಡಿಯ ಯಜಮಾನ ರುದ್ರಪ್ಪನವರು.

"ತೆಗೆಯಲ್ಲ," ಎಂದೆ.

ಮೂರು ತಿಂಗಳಿಗೆ ಚೀಟಿ ನಿಂತೇಬಿಟ್ಟಿತು. ಡೇಟಾಬೇಸು ಒಲ್ಲೆ ಅಂತು. ನನ್ನ ತಪಾಸಣೆ ಎಲ್ಲ ಸರಿಯಾಗಿದೆ ಅಂತು. ಹೊರಗೆ ರೈತರು, "ಏನ್ಲಾ, ಇನ್ನೂ ಚೀಟಿ ಬರ್ನಿಲ್ವಾ? ಕೈಯಾಗೆ ಬರ್ಕೊಡ್ರಲಾ ಅತ್ಲಾಗೆ!" ಎಂದು ಕೂಗುತ್ತಿದ್ದರು. ರುದ್ರಪ್ಪನವರು ಆಗಲೇ ಹಳೇ ಚೀಟಿ ಪುಸ್ತಕದ ಧೂಳು ಕೊಡವುತ್ತಿದ್ದರು.

ಆಗ ಕಿಟಕಿಯಾಚೆ ಹಾರನಹಳ್ಳಿಯ ಮುದುಕರೊಬ್ಬರು ತಮ್ಮ ಮೂಟೆ ಎಣಿಸಿದರು: "ಲಾಭ... ಎರಡು... ಮೂರು..." ನಮ್ಮ ಅಜ್ಜಿ ರಾಗಿ ಅಳೆಯುವಾಗಲೂ ಹಾಗೇ, ಮೊದಲ ಸೇರಿಗೆ ಒಂದು ಎನ್ನುತ್ತಿರಲಿಲ್ಲ, ಲಾಭ ಎನ್ನುತ್ತಿದ್ದರು. ತಟ್ಟನೆ ಹೊಳೆಯಿತು. ಈ ಲೈಬ್ರರಿಯೂ ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಸೊನ್ನೆ ಎನ್ನುತ್ತದೆ! ನಾನು ಒಂದರಿಂದ ಶುರುಮಾಡಿ ಮೂರು ತಿಂಗಳಿಂದ ಮೊದಲ ಅಕ್ಷರದ ಮುಖವನ್ನೇ ನೋಡಿರಲಿಲ್ಲ. ಸೊನ್ನೆಯಿಂದ ನೋಡಿದೆ. ಬೆಳಿಗ್ಗೆ ನಾನೇ ತಿದ್ದುವಾಗ ಬಿದ್ದ ಅಲ್ಪವಿರಾಮವೊಂದು ತಲೆಬಾಗಿಲಲ್ಲೇ ಕೂತಿತ್ತು. ಅಳಿಸಿದೆ, ಪ್ರಿಂಟರು ಕಿರ್ರೆಂದಿತು.

"ಇನ್ನಾದ್ರೂ ತೆಗೀತೀರಾ?" ಎಂದರು ರುದ್ರಪ್ಪನವರು.

"ಅದರದೇನು ತಪ್ಪು ಸ್ವಾಮಿ? ತೋರ್ಸು ಅಂದಿದ್ದನ್ನೆಲ್ಲ ತೋರ್ಸಿದೆ. ತೆಗೆಯಲೇಬೇಕು ಅಂದ್ರೆ ನನ್ನನ್ನ ತೆಗೀರಿ, ಅದನ್ನ ಮುಟ್ಬೇಡಿ!" ಎಂದು ಎದೆ ಸೆಟೆಸಿ ನಿಂತೆ.

ತಪಾಸಣೆ ಉಳಿಯಿತು, ನಾನೂ ಉಳಿದೆ. ಆದರೂ ಒಂದು ಮಾತು: ನನ್ನನ್ನು ತೆಗೆಯಬೇಕೋ ಬೇಡವೋ ಎಂದು ಹೇಳಲು ರುದ್ರಪ್ಪನವರು ಅಷ್ಟು ಹೊತ್ತು ಯೋಚಿಸಬೇಕಾಗಿರಲಿಲ್ಲ.