ಫ್ರಿಜ್ ಬಾಗಿಲ ಮೇಲಿನ ಮಹಾಸಮುದ್ರ

"ಇತಿಹಾಸವನ್ನ ತಿದ್ದಿಯೇ ತೀರ್ತೀನಿ!" ಎಂದು ಒಂದು ಭಾನುವಾರ ನಮ್ಮ ಊಟದ ಮೇಜಿನ ಮುಂದೆ ನಿಂತು ಘೋಷಿಸಿದೆ.

"ತಿದ್ದಿ. ಅದಕ್ಕೆ ಮುಂಚೆ ಮೇಜು ಖಾಲಿ ಮಾಡಿ," ಎಂದಳು ಹೆಂಡತಿ.

ಆಕೆ ಆಸ್ಪತ್ರೆಯಲ್ಲಿ ಹೆಡ್ ನರ್ಸ್. ಆಕೆ ಒಮ್ಮೆ ಕೆಮ್ಮಿದರೆ ಇಡೀ ವಾರ್ಡು ಎದ್ದು ಕೂರುತ್ತದೆ. ನಾನು ಮಾತ್ರ ಜಗ್ಗುವವನಲ್ಲ! ನನ್ನದು ನೀರು ಪರೀಕ್ಷಿಸುವ ಪ್ರಯೋಗಾಲಯದ ಕೆಲಸ. ಹಗಲೆಲ್ಲ ಸೀಸೆಯೊಳಗಿನ ನೀರನ್ನು ನೋಡಿ ನೋಡಿ ಬೇಸತ್ತು, ಸಂಜೆಯ ಹೊತ್ತು ನೇರವಾಗಿ ಸಮುದ್ರಕ್ಕೇ ಕೈಹಾಕಿದವನು. ಅಂದರೆ, ಮೇಜಿನ ಮೇಲೆ ಹರಡಿಕೊಂಡು ಆಡುವ ಯುದ್ಧದಾಟಗಳಿಗೆ ನೌಕಾಯುದ್ಧಗಳನ್ನು ರಚಿಸುತ್ತೇನೆ. ದೊಡ್ಡ ಹಾಳೆಯ ಮೇಲೆ ಸಮುದ್ರದ ನಕ್ಷೆ. ನಕ್ಷೆಯ ತುಂಬ ಜೇನುಗೂಡಿನಂತೆ ಆರು ಮೂಲೆಯ ಮನೆಗಳು. ರಟ್ಟಿನ ಚೂರುಗಳೇ ಹಡಗುಗಳು. ದಾಳ ಹೇಳಿದ ಕಡೆಯಿಂದ ಗಾಳಿ. ನಡೆದ ಯುದ್ಧವನ್ನು ನಡೆದಂತೆಯೇ ಆಡಿಸುವುದು ಒಂದು ಬಗೆ. 'ಹಾಗಾಗದೆ ಹೀಗಾಗಿದ್ದರೆ?' ಎಂದು ಕೇಳಿ ಆಡಿಸುವುದು ಇನ್ನೊಂದು ಬಗೆ.

ಈ ಸಲದ್ದು ಆ ಎರಡನೆಯ ಬಗೆಯದು. ಹಾಯಿಹಡಗುಗಳ ಕಾಲ. ನೀಲಿ ದೇಶ, ಕೆಂಪು ದೇಶ ಎಂದಿಟ್ಟುಕೊಳ್ಳಿ. ನಿಜವಾದ ಹೆಸರು ಹೇಳಿದರೆ ಸೋತವರ ಮರಿಮಕ್ಕಳು ಜಗಳಕ್ಕೆ ಬಂದಾರು! ನಕ್ಷೆಯ ಮೇಲ್ತುದಿಯ ಬಂದರಿನಲ್ಲಿ ನೀಲಿ ಹಡಗುಗಳು ಸಿಕ್ಕಿಬಿದ್ದಿವೆ. ಹೊರಗೆ ಕೆಂಪು ಹಡಗುಗಳ ಕಾವಲು. ನೀಲಿಯವರು ನುಸುಳಿಕೊಂಡು ಕೆಳತುದಿಯ ತೆರೆದ ಕಡಲು ಸೇರಿದರೆ ಗೆದ್ದಂತೆ. ಇತಿಹಾಸದಲ್ಲಿ ಅವರ ಸೇನಾಪತಿ ಒಂದು ದಿನ ತಡವಾಗಿ ಹೊರಟು ಸರ್ವನಾಶವಾದ. ಒಂದು ದಿನ ಮೊದಲೇ ಹೊರಟಿದ್ದರೆ?

ಆಟಗಳನ್ನು ಪ್ರಕಟಿಸುವ ಸಂಸ್ಥೆಯ ಸಂಪಾದಕಿ ಫೋನಿನಲ್ಲಿ ಖಂಡತುಂಡವಾಗಿ ಹೇಳಿದ್ದರು: "ಸರ್, ನಿಮ್ಮ ಹಿಂದಿನ ಎರಡು ಯುದ್ಧದಲ್ಲೂ ಸೋಲೋರು ಸೋಲ್ತಾನೇ ಇದ್ರು. ಅದು ಆಟ ಅಲ್ಲ, ಶೋಕಸಭೆ! ಈ ಸಲ ನೀಲಿಯೋರು ಒಂದ್ಸಲವಾದ್ರೂ ಗೆದ್ದು ತೋರಿಸ್ಲಿ. ಇಲ್ಲಾಂದ್ರೆ ನಿಮ್ಮ ಹತ್ರ ಇನ್ನು ಯುದ್ಧ ತಗೊಳ್ಳೋಕಾಗಲ್ಲ."

ಗೆಲ್ಲಿಸದೆ ಬಿಡುತ್ತೇನೆಯೇ!

ಪರೀಕ್ಷೆಗೆ ಎದುರಾಳಿಯಾಗಿ ಒಪ್ಪಿದವನು ನನ್ನ ಸಹೋದ್ಯೋಗಿ. ಪ್ರಯೋಗಾಲಯದ ಗಾಜಿನ ನಳಿಗೆಯಂತೆ ಉದ್ದಕ್ಕೆ, ತೆಳ್ಳಗೆ ಇರುವುದರಿಂದ ಎಲ್ಲರೂ ಅವನನ್ನು ಪಿಪೆಟ್ ಎನ್ನುತ್ತೇವೆ. ಮಾತೂ ಹಾಗೆಯೇ, ತೊಟ್ಟು ತೊಟ್ಟಾಗಿ ಬೀಳುತ್ತದೆ. ದಿನಾ ಸಂಜೆ ಬಂದು, ಕೆಂಪು ಪಡೆಯನ್ನು ನಡೆಸಿ, ನನ್ನ ನೀಲಿ ಹಡಗುಗಳನ್ನು ನಿರ್ದಯವಾಗಿ ಮುಳುಗಿಸಿ, ಚಹಾ ಕುಡಿದು ಹೋಗುತ್ತಿದ್ದ. ಆಟದ ಮೇಲೆ ಆಟ ಸೋತೆ.

ಇದರ ನಡುವೆ ಬೇಸಿಗೆ. ರಟ್ಟಿನ ಹಡಗುಗಳು ಹಾರಿಹೋಗುತ್ತವೆಂದು ಹಾಲ್‌ನಲ್ಲಿ ಫ್ಯಾನ್ ಹಾಕುವುದನ್ನು ನಿಷೇಧಿಸಿದೆ.

"ದಾಳ ಹಾಕಿ ಗಾಳಿ ಬರಿಸ್ತೀರಲ್ಲ, ಅದನ್ನೇ ಸ್ವಲ್ಪ ನಮ್ಮ ಕಡೆಗೂ ಬಿಡ್ರಿ!" ಎಂದಳು ಹೆಂಡತಿ.

"ನಾವಿಕರು ತಿಂಗಳುಗಟ್ಟಲೆ ಬಿಸಿಲಲ್ಲಿ ಇರ್ತಿದ್ರು ಕಣೇ!"

"ಅವರಿಗೆ ಸಂಬಳ ಕೊಡ್ತಿದ್ರು ಕಣ್ರೀ."

ನಮ್ಮ ಜೊತೆಗಿರುವ ಅತ್ತೆ ಮಾತಾಡುವವರಲ್ಲ. ಎದ್ದರು, ಸ್ವಿಚ್ ಒತ್ತಿದರು, ಕೂತರು. ಫ್ಯಾನು ತಿರುಗಿತು. ಎರಡು ರಾಷ್ಟ್ರಗಳ ನೌಕಾಬಲ ಒಟ್ಟಿಗೆ ಆಕಾಶಕ್ಕೇರಿತು! ಕೆಂಪಿನವರ ಮುಖ್ಯ ಹಡಗು ಒಗೆಯುವ ಬಟ್ಟೆಗಳ ಬುಟ್ಟಿಯಲ್ಲಿ ಸಿಕ್ಕಿತು. ನನ್ನ ನೀಲಿ ಸೇನಾಪತಿ ಪಿಪೆಟ್‌ನ ಬಲಗಾಲಿನ ಶೂ ಒಳಗೆ ಆಶ್ರಯ ಪಡೆದಿದ್ದ.

"ರಾತ್ರಿ ಊಟದ ಹೊತ್ತಿಗೆ ಮೇಜು ನನಗೆ ಬೇಕು," ಎಂದಳು ಹೆಂಡತಿ, ವಾರ್ಡಿನ ದನಿಯಲ್ಲಿ.

ಸೋಲೊಪ್ಪುವ ಜಾತಿ ನನ್ನದಲ್ಲ. ವಿಜ್ಞಾನ ಓದಿದ್ದು ಯಾಕೆ? ಅಡುಗೆಮನೆಯಲ್ಲಿ ಫ್ರಿಜ್ ನಿಂತಿತ್ತು. ಅಗಲವಾದ ತಗಡಿನ ಬಾಗಿಲು. ನಕ್ಷೆಯನ್ನು ಅದಕ್ಕೆ ಅಂಟಿಸಿ, ಪ್ರತಿ ಹಡಗಿನ ಬೆನ್ನಿಗೂ ಒಂದು ಅಯಸ್ಕಾಂತ ಹಚ್ಚಿದರೆ? ಮೇಜು ಅವರಿಗೆ, ಫ್ಯಾನು ಅವರಿಗೆ, ಸಮುದ್ರ ನನಗೆ! ಅಂಗಡಿಯಲ್ಲಿದ್ದ ಗುಂಡಿಯಂಥ ಗಟ್ಟಿ ಅಯಸ್ಕಾಂತಗಳೆಲ್ಲ ಕೆಂಪು ಪಡೆಗೇ ಮುಗಿದವು. ನೀಲಿ ಪಡೆಗೆ, ಫ್ರಿಜ್ಜಿಗೆ ಮೊದಲಿನಿಂದ ಅಂಟಿದ್ದ ಜಾಹೀರಾತಿನ ತೆಳು ಅಯಸ್ಕಾಂತ ಪಟ್ಟಿಗಳನ್ನು, ಜಿರಳೆ ಓಡಿಸುವವರದು, ನಲ್ಲಿ ರಿಪೇರಿಯವರದು, ಕತ್ತರಿಸಿ ಚೂರು ಮಾಡಿ ಅಂಟಿಸಿದೆ. ಹಡಗುಗಳು ನಿಂತವು. ಎರಡು ಹೆಜ್ಜೆ ಹಿಂದೆ ಸರಿದು ಎದೆಯುಬ್ಬಿಸಿ ನೋಡಿದೆ.

"ನಾಳೆಯಿಂದ ಫ್ರಿಜ್ ತೆಗೆಯೋದು ಬೆಳಿಗ್ಗೆ ಒಂದೇ ಸಲ," ಎಂದು ಆಜ್ಞೆ ಹೊರಡಿಸಿದೆ. "ಅದೂ ನನ್ನ ಕಣ್ಣೆದುರಿಗೆ, ನಿಧಾನವಾಗಿ."

"ಹಾಲು, ತರಕಾರಿ?"

"ಆಗಲೇ ತೆಗೆದಿಟ್ಕೊಳ್ಳಿ."

"ರೀ, ನಮ್ಮ ಐಸಿಯುಗೆ ಇದಕ್ಕಿಂತ ಸುಲಭವಾಗಿ ಒಳಗೆ ಹೋಗ್ಬಹುದು!"

ಅತ್ತೆ ಮಾತ್ರ "ಆಯ್ತಪ್ಪಾ" ಎಂದರು. ಅವರು ಅಷ್ಟು ಸುಲಭವಾಗಿ ಆಯ್ತು ಎಂದದ್ದು ಅದೇ ಮೊದಲು. ನಾನು ಎಚ್ಚರಗೊಳ್ಳಬೇಕಿತ್ತು. ಗೆಲುವಿನ ಹುಮ್ಮಸ್ಸಿನಲ್ಲಿದ್ದೆ.

ಹೊಸ ಆಟ ಶುರುವಾಯಿತು. ಆಗ ನಡೆಯಿತು ನೋಡಿ ಪವಾಡ! ಮೂರನೆಯ ಸಂಜೆ ಪಿಪೆಟ್ ಫ್ರಿಜ್ಜಿನ ಮುಂದೆ ಬಗ್ಗಿ, ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡ.

"ಸರ್."

"ಏನು?"

"ನಿಮ್ಮ ಹಡಗು. ನಿನ್ನೆ ಇಲ್ಲಿತ್ತು. ಇವತ್ತು ಕೆಳಗಿದೆ."

"ನೀನು ಸರಿಯಾಗಿ ನೋಡಿರಲ್ಲ."

"ನೋಡಿದ್ದೆ. ನನ್ನ ಹಡಗು ಇದ್ದಲ್ಲೇ ಇದೆ. ನಿಮ್ಮದು ಮಾತ್ರ ನಡೀತಿದೆ."

"ಅಂದ್ರೆ ನಾನು ಮೋಸ ಮಾಡ್ತೀನಿ ಅಂತಲಾ? ಇಪ್ಪತ್ತು ವರ್ಷ ನೀರು ಪರೀಕ್ಷೆ ಮಾಡಿದೀನಿ, ಒಂದು ತಪ್ಪು ರೀಡಿಂಗಿಗೆ ಸಹಿ ಹಾಕಿಲ್ಲ!"

ಪ್ರತಿ ಸಂಜೆ ಆಟ ಮುಗಿದ ಮೇಲೆ ನಕ್ಷೆಯ ಫೋಟೋ ತೆಗೆದಿಡುವುದು ನನ್ನ ಪದ್ಧತಿ. ಸೋಲುತ್ತಿದ್ದರೆ ತಕ್ಷಣ ತೆರೆದು ಹೋಲಿಸುತ್ತಿದ್ದೆ. ಆದರೆ ನೀಲಿ ಪಡೆ ಬಂದರಿನ ಬಾಯಿ ದಾಟಿ ಕೆಂಪಿನವರ ಕಾಲ ಸಂದಿಯಲ್ಲಿ ನುಸುಳುತ್ತಿತ್ತು! ಗೆಲ್ಲುತ್ತಿರುವವನು ಪುರಾವೆ ಹುಡುಕಿದ್ದನ್ನು ಯಾರಾದರೂ ಕಂಡಿದ್ದೀರಾ?

"ಅದು ಪ್ರವಾಹ!" ಎಂದುಬಿಟ್ಟೆ. "ಬಂದರಿನ ಬಾಯಿಂದ ದಕ್ಷಿಣಕ್ಕೆ ಒಂದು ಒಳಪ್ರವಾಹ ಇದೆ."

"ನಿಯಮದಲ್ಲಿಲ್ಲ."

"ಈಗ ಬರೀತೀನಿ."

"ನನ್ನ ಹಡಗನ್ನ ಯಾಕೆ ಎಳೆಯಲ್ಲ?"

"ನಿನ್ನವು ಭಾರೀ ತೋಪುಗಳ ಹಡಗು. ಜಾಗ ಬಿಟ್ಟು ಕದಲಲ್ಲ. ನನ್ನವು ಹಗುರ. ಇದು ಭೌತಶಾಸ್ತ್ರ!"

ಪಿಪೆಟ್ ತಲೆಯಾಡಿಸಿದ. ಅದು ಒಪ್ಪಿದ್ದೋ ಮರುಗಿದ್ದೋ ತಿಳಿಯಲಿಲ್ಲ. ಗುರುವಾರದ ಸಂಜೆಗೆ ನೀಲಿ ಸೇನಾಪತಿ ಕೆಳತುದಿ ಮುಟ್ಟಿದ. ಒಳಪ್ರವಾಹದ ಘನ ನಿಯಮವನ್ನೂ ಸೇರಿಸಿ ಯುದ್ಧವನ್ನು ಸಂಪಾದಕಿಗೆ ಕಳಿಸಿ, ಮನೆಯವರ ಮುಂದೆ ಭಾಷಣ ಮಾಡಿದೆ: "ಫ್ಯಾನ್ ಹೋಯ್ತು, ಮೇಜು ಹೋಯ್ತು, ಎಲ್ಲರೂ ನಕ್ಕರು. ಆದ್ರೂ ಇತಿಹಾಸ ಬದಲಾಯ್ತು!"

ಭಾನುವಾರ ಗೆಲುವಿನ ಚಹಾಕ್ಕೆ ಪಿಪೆಟ್‌ನನ್ನು ಕರೆದಿದ್ದೆ. ನಕ್ಷೆ ಫ್ರಿಜ್ಜಿನ ಮೇಲೆ ಹಾಗೇ ಇತ್ತು. ಹಡಗುಗಳನ್ನು ಹೊಸದಾಗಿ ಬಂದರಿನಲ್ಲಿ ಜೋಡಿಸಿ ಅವನಿಗೆ ಪ್ರವಾಹದ ಮರ್ಮ ವಿವರಿಸುತ್ತಿದ್ದೆ. ಅತ್ತೆ ಬಂದರು.

"ಆಟ ಮುಗೀತಲ್ಲ ಅಳಿಯಂದ್ರೇ? ಇನ್ನು ಕದ್ದು ತೆಗೆಯೋದು ಬೇಡ," ಎಂದು ಬಾಗಿಲೆಳೆದು, ತಣ್ಣೀರಿನ ಬಾಟಲಿ ತೆಗೆದುಕೊಂಡು, ಸೊಂಟದಿಂದ ಬಾಗಿಲನ್ನು ತಳ್ಳಿದರು.

ಧಡ್!

ಜಿರಳೆ ಔಷಧದ, ನಲ್ಲಿ ರಿಪೇರಿಯ ಅಯಸ್ಕಾಂತಗಳನ್ನು ಹೊತ್ತ ನನ್ನ ನೀಲಿ ಪಡೆ ಸರ್ರನೆ ಒಂದು ಮನೆ ಕೆಳಗೆ ಜಾರಿತು. ಕೆಂಪು ಪಡೆ ಕದಲಲಿಲ್ಲ.



"ಒಳಪ್ರವಾಹ," ಎಂದ ಪಿಪೆಟ್.

"ಅತ್ತೇ, ನಾವು ಕೆಲಸಕ್ಕೆ ಹೋದ್ಮೇಲೆ ದಿನಾ ತೆಗೀತಿದ್ರಾ?"

"ಮತ್ತೆ? ಈ ಸೆಕೆಗೆ ನಿಮ್ಮ ಸಮುದ್ರದ ನೀರು ಕುಡಿಯೋಕಾಗುತ್ತಾ?"

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಗಂಭೀರವಾದಳು. "ಈಗೇನು ಮಾಡ್ತೀರಿ?"

"ಏನೂ ಮಾಡಲ್ಲ! ಗೆದ್ದದ್ದು ಗೆದ್ದದ್ದೇ!"

"ತಪ್ಪು ರೀಡಿಂಗಿಗೆ ಸಹಿ ಹಾಕಲ್ಲ ಅಂದಿದ್ರಿ. ಮೊನ್ನೆ ತಾನೇ, ಇಲ್ಲೇ ನಿಂತು."

ಇದೇ ನನ್ನ ಹೆಂಡತಿಯ ತೊಂದರೆ. ಸೂಜಿ ಚುಚ್ಚಿದ್ದು ತಿಳಿಯುವುದೇ ಇಲ್ಲ; ಔಷಧ ಆಗಲೇ ಒಳಗೆ ಹೋಗಿರುತ್ತದೆ. ಮರುದಿನ ಸಂಪಾದಕಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಫ್ಯಾನು, ಫ್ರಿಜ್ಜು, ಬಾಟಲಿ, ಸೊಂಟ. ಬೇಕಾದರೆ ಯುದ್ಧ ವಾಪಸ್ ಕಳಿಸಿ, ಆದರೆ ನನ್ನನ್ನು ಮೋಸಗಾರ ಅನ್ನಬೇಡಿ, ಎಂದೆ. ಆ ಕಡೆ ಬಹಳ ಹೊತ್ತು ಬರೀ ನಗು.

"ಸರ್, ಎರಡು ದಿನದಿಂದ ನಮ್ಮ ಹುಡುಗ್ರು ಅದನ್ನೇ ಆಡ್ತಿದಾರೆ. ಒಂದ್ಸಲ ನೀಲಿ ಗೆಲ್ಲುತ್ತೆ, ಒಂದ್ಸಲ ಕೆಂಪು. ಬಿಟ್ಟು ಏಳ್ತಿಲ್ಲ! ಪ್ರವಾಹ ತೆಗೆದು ಆಡಿಸಿದ್ರೆ ಮತ್ತೆ ಅದೇ ಶೋಕಸಭೆ. ನಾವು ತಗೊಂಡಿರೋದು ಆ ಪ್ರವಾಹಕ್ಕೋಸ್ಕರಾನೇ. ನಿಮ್ಮತ್ತೆಯವರಿಗೆ ಥ್ಯಾಂಕ್ಸ್ ಹೇಳಿ."

ಆಟ ಪೆಟ್ಟಿಗೆಯಾಗಿ ಬಂತು. ಹಿಂಬದಿಯಲ್ಲಿ ಮುದ್ರಿಸಿದ್ದರು: 'ಯುದ್ಧ: ಅಳಿಯ. ಸಮುದ್ರ: ಅತ್ತೆ.' ಅತ್ತೆ ಅದನ್ನು ಹಾಲ್‌ನಲ್ಲಿ, ಬಂದವರಿಗೆಲ್ಲ ಹಿಂಬದಿಯೇ ಕಾಣುವಂತೆ ನಿಲ್ಲಿಸಿದ್ದಾರೆ.

ಇದರಿಂದ ನಾನು ಕುಗ್ಗಿದೆನೆಂದು ತಿಳಿಯಬೇಡಿ! ಮುಂದಿನ ಯುದ್ಧ ಆಗಲೇ ಫ್ರಿಜ್ ಏರಿದೆ. ನಿನ್ನೆ ಸಂಜೆ ನನ್ನ ನೀಲಿ ಹಡಗುಗಳು ಮೂರು ಕಡೆಯಿಂದಲೂ ಸಿಕ್ಕಿಬಿದ್ದಿದ್ದವು. ಪಿಪೆಟ್ ಚಹಾ ಹೀರುತ್ತಾ ದಾಳವನ್ನು ಅಂಗೈಯಲ್ಲಿ ಉರುಳಿಸುತ್ತಿದ್ದ. ನಾನು ಮೆಲ್ಲಗೆ ಹಾಲ್‌ಗೆ ಹೋಗಿ, ಫ್ಯಾನಿನ ಕೆಳಗೆ ಕೂತಿದ್ದ ಅತ್ತೆಯ ಪಕ್ಕದಲ್ಲಿ ನಿಂತೆ.

"ಅತ್ತೇ, ತುಂಬ ಸೆಕೆ ಅಲ್ವಾ? ತಣ್ಣೀರು ಬೇಕಿತ್ತೇನೋ?"

ಅವರು ತಲೆಯೆತ್ತದೆ ಹೇಳಿದರು:

"ಇವತ್ತು ನಾನು ಕೆಂಪು ಕಡೆ, ಅಳಿಯಂದ್ರೇ."